ಹೊಳೆಯಲ್ಲಿ ಈಸು ಕಲಿತವರು ಸರ್ಫಿಂಗ್‌ಗೆ ಕಡಲಿಗಿಳಿಯುವ ಮೊದಲು

"ಸರ, ನಮಗ ಈಸು ಛಲೋ ಬರ್ತದ, ಸರ್ಫಿಂಗ್ ಮಾಡಬಹುದಲ್ಲ?"

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಸರ್ಫಿಂಗ್ ಅಂದರೆ ತೇಲುವ ಉದ್ದನೆಯ ಹಲಗೆಯ, ಅಂದರೆ ಬೋರ್ಡಿನ, ಮೇಲೆ ನಿಂತು ಅಲೆಯ ಜೊತೆ ದಂಡೆಯ ಕಡೆ ಜಾರಿ ಬರುವ ಆಟ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಮೂರು-ನಾಲ್ಕು ತಾಸಿನಲ್ಲಿ ಗೋವಾದ ಕಡಲು. ಶನಿವಾರ ಹೋಗಿ ಭಾನುವಾರ ರಾತ್ರಿ ಮನೆ ಸೇರಬಹುದು. ಗೋಕರ್ಣಕ್ಕೆ, ಮಂಗಳೂರು ಹತ್ತಿರದ ಮೂಲ್ಕಿಗೆ ಹೋಗುವವರೂ ಜಾಸ್ತಿಯಾಗಿದ್ದಾರೆ. ಹಾಗಾಗಿ ಎಲ್ಲರಿಗೂ ಒಂದೇ ಕಡೆ ಉತ್ತರ ಬರೆಯುತ್ತಿದ್ದೇನೆ.

ಮಾಡಬಹುದು. ಆದರೆ ಬಾವಿಯ ಈಸು ಬೇರೆ, ಹೊಳೆಯ ಈಸು ಬೇರೆ, ಕಡಲಿನದು ಇನ್ನೂ ಬೇರೆ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಕಲಿತವರಿಗೆ ಉಸಿರು ಹಿಡಿಯುವುದು ಗೊತ್ತು, ನೀರಿನ ಅಂಜಿಕೆ ಇಲ್ಲ. ಅದು ದೊಡ್ಡ ಬಲ. ಆದರೆ ಬಾವಿಯಲ್ಲಿ ನಾಲ್ಕು ಕೈ ಹಾಕಿದರೆ ಮೆಟ್ಟಿಲು ಸಿಗುತ್ತದೆ. ಹೊಳೆಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲಿನಲ್ಲಿ ನೀರು ಬರುತ್ತದೆ, ಹೋಗುತ್ತದೆ, ಪಕ್ಕಕ್ಕೂ ಸರಿಯುತ್ತದೆ, ಮತ್ತೆ ಇದೆಲ್ಲ ಒಂದೇ ಹೊತ್ತಿಗೆ ನಡೆಯುತ್ತಿರುತ್ತದೆ.

2017 ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮಾಲ್ವಣದ ವಾಯರಿ ಬೀಚಿನಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಿಂದ ಪ್ರವಾಸಕ್ಕೆ ಹೋಗಿದ್ದ ಎಂಟು ಮಂದಿ ನೀರುಪಾಲಾದರು. 2024 ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು. ಅವರು ಯಾರೂ ಸರ್ಫಿಂಗ್‌ಗೆ ಹೋದವರಲ್ಲ, ಸುಮ್ನೆ ನೀರಾಟಕ್ಕೆ ಇಳಿದವರು. ಬೋರ್ಡ್ ಹಿಡಿದುಕೊಂಡು ನಾವು ಅದಕ್ಕಿಂತ ಒಳಗೆ ಹೋಗುತ್ತೇವೆ. ಹೀಗಾಗಿ ಕೆಳಗೆ ಬರೆದಿದ್ದನ್ನು ಹೋಗುವ ಹಿಂದಿನ ದಿನ ಓದುವುದಕ್ಕಿಂತ ಇವತ್ತೇ ಓದಿ, ಜೊತೆಗೆ ಬರುವವರಿಗೂ ಓದಿಸಿ.

1. ಯಾವ ತಿಂಗಳು, ಯಾವ ಊರು

ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಸಬರಿಗೆ ಪಶ್ಚಿಮ ಕರಾವಳಿ ಬೇಡವೇ ಬೇಡ. ಮಳೆಗಾಲದ ಕಡಲು ಪೂರ್ತಿ ಬೇರೆ ಪ್ರಾಣಿ. ಬೀಚಿನಲ್ಲಿ ನೀರಿಗಿಳಿಯಬೇಡಿ ಅಂತ ಫಲಕ ಹಾಕಿರುತ್ತಾರೆ, ಅದನ್ನು ದಾಟಿ ಹೋಗಬೇಡಿ. ಅಕ್ಟೋಬರ್ ಕಳೆದ ಮೇಲೆ ಅಲೆ ಸಣ್ಣದಾಗುತ್ತದೆ, ನೀರು ತಿಳಿಯಾಗುತ್ತದೆ. ನವೆಂಬರ್‌ನಿಂದ ಫೆಬ್ರುವರಿ ಕಲಿಯುವವರ ಕಾಲ. ಏಪ್ರಿಲ್-ಮೇ ಹೊತ್ತಿಗೆ ಅಲೆ ಮತ್ತೆ ಬಲವಾಗುತ್ತದೆ. ಸ್ವಲ್ಪ ಕಲಿತವರಿಗೆ ಅದು ಖುಷಿ, ಮೊದಲ ಸಲದವರಿಗೆ ಕಷ್ಟ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಅಂದರೆ ಮೇ ತಿಂಗಳು. ಆ ತಿಂಗಳು ಹೋಗುವುದಾದರೆ ತರಬೇತುದಾರರು ಇವತ್ತು ಬೇಡ ಅಂದ ದಿನ ವಾದ ಮಾಡದೆ ದಂಡೆಯಲ್ಲೇ ಕೂರುವ ಮನಸ್ಸು ಇಟ್ಟುಕೊಂಡು ಹೋಗಿ.

ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004 ರಲ್ಲಿ ಶುರುವಾಗಿದ್ದು, ದೇಶದಲ್ಲೇ ಮೊದಲನೆಯದು. ಅದರ ಹತ್ತಿರದ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ನಮಗೆ ಹತ್ತಿರ ಅಂದರೆ ಉತ್ತರ ಗೋವಾದ ಅರಂಬೋಲ್, ಆಶ್ವೆಂ ಕಡೆ, ದಕ್ಷಿಣದಲ್ಲಿ ಅಗೊಂದಾ, ಆಮೇಲೆ ಗೋಕರ್ಣ.

ಒಂದು ಎಚ್ಚರಿಕೆ. ಅಳಿವೆಯ ಹತ್ತಿರ, ಅಂದರೆ ಹೊಳೆ ಕಡಲು ಸೇರುವ ಬಾಯಿಯ ಹತ್ತಿರ, ಹೊಸಬರು ಇಳಿಯಬಾರದು. ಕಾರವಾರದಲ್ಲಿ ಕಾಳಿ, ಗೋಕರ್ಣದ ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿ. ಕಡಲಿನ ನೀರು ಇಳಿಯುವ ಹೊತ್ತಿಗೆ ಹೊಳೆಯ ನೀರೂ ಸೇರಿಕೊಂಡು ಅಲ್ಲಿ ಕಡಲಿನ ಒಳಕ್ಕೆ ನುಗ್ಗುತ್ತದೆ. ನೋಡಲು ಮಾತ್ರ ಶಾಂತವಾಗಿರುತ್ತದೆ.

2. ಕಲಿಸುವವರು, ಬೋರ್ಡ್, ಕಾಲಿನ ಹಗ್ಗ

ಮೊದಲ ನಾಲ್ಕೈದು ಪಾಠ ಕಲಿಸುವವರ ಜೊತೆಗೇ ಆಗಬೇಕು. ಬಾಡಿಗೆಗೆ ಬೋರ್ಡ್ ತೆಗೆದುಕೊಂಡು ವಿಡಿಯೋ ನೋಡಿ ಕಲಿಯುತ್ತೇನೆ ಅನ್ನುವುದು ಬೇಡ. ಸೇರುವ ಮೊದಲು ಮೂರು ಪ್ರಶ್ನೆ ಕೇಳಿ. ಕಲಿಸುವವರಿಗೆ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಷನ್ನಿನ ತರಬೇತಿ ಪ್ರಮಾಣಪತ್ರ ಇದೆಯಾ? ಜೀವರಕ್ಷಣೆ, ಪ್ರಥಮ ಚಿಕಿತ್ಸೆ ಕಲಿತಿದ್ದಾರಾ? ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ? ಮೂರು-ನಾಲ್ಕು ಜನ ಅಂದರೆ ಸರಿ. ಹತ್ತು ಜನ ಅಂದರೆ ಬೇರೆ ಕಡೆ ನೋಡಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೂ ಬೇರೆ ಕಡೆ ನೋಡಿ.

ಬೋರ್ಡ್ ಎಂಟರಿಂದ ಒಂಬತ್ತು ಅಡಿ ಉದ್ದದ ಮೆತ್ತನೆಯದು ಇರಲಿ. ಇದಕ್ಕೆ ಸಾಫ್ಟ್ ಟಾಪ್ ಅನ್ನುತ್ತಾರೆ, ಮೇಲೆ ಫೋಮ್ ಇರುತ್ತದೆ. ಚೆಂದ ಕಾಣುತ್ತದೆ ಅಂತ ಸಣ್ಣ, ಗಟ್ಟಿ ಫೈಬರ್ ಬೋರ್ಡ್ ತೆಗೆದುಕೊಂಡರೆ ನಿಮಗೂ ಪೆಟ್ಟು, ಪಕ್ಕದವರಿಗೂ ಪೆಟ್ಟು. ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗೆ ಇರುವುದು ಫಿನ್. ಬೋರ್ಡ್ ಅತ್ತಿತ್ತ ಜಾರದ ಹಾಗೆ ಅದು ಹಿಡಿಯುತ್ತದೆ. ಅದರ ಅಂಚು ಚರ್ಮ ಕೊಯ್ಯಬಲ್ಲದು. ಮೊದಲೇ ಬೆರಳು ಆಡಿಸಿ ನೋಡಿ.

ಈಗ ಲೀಶ್. ಬೋರ್ಡಿನ ಬಾಲದಿಂದ ನಿಮ್ಮ ಕಾಲಿಗೆ ಕಟ್ಟುವ ಹಗ್ಗ ಇದು. ಉದ್ದ ಹೆಚ್ಚುಕಡಿಮೆ ಬೋರ್ಡಿನಷ್ಟೇ ಇರಬೇಕು. ನಿಂತಾಗ ಯಾವ ಕಾಲು ಹಿಂದೆ ಇರುತ್ತದೋ ಆ ಕಾಲಿನ ಕಣಕಾಲಿಗೆ ಕಟ್ಟಬೇಕು. ಕಟ್ಟುವ ಪಟ್ಟಿಯಲ್ಲಿ ಚರಚರ ಅಂಟುವ ವೆಲ್ಕ್ರೋ ಇರುತ್ತದೆ. ಬಾಡಿಗೆ ಬೋರ್ಡಿನ ವೆಲ್ಕ್ರೋ ತುಂಬ ಮರಳು ಕೂತಿರುತ್ತದೆ. ಮರಳು ಕೂತರೆ ಅಂಟುವುದಿಲ್ಲ. ನೀರಿನಲ್ಲಿ ಅದ್ದಿ, ಉಗುರಿನಿಂದ ಕೆರೆದು ತೆಗೆದು ಆಮೇಲೆ ಕಟ್ಟಿ. ಕಟ್ಟಿದ ಮೇಲೆ ಕಾಲು ಝಾಡಿಸಿ ಜೋರಾಗಿ ಎಳೆದು ನೋಡಿ. ಹಗ್ಗದ ಉದ್ದಕ್ಕೂ ಕೈಯಾಡಿಸಿ. ಎಲ್ಲಾದರೂ ಸೀಳು ಅಥವಾ ಗಂಟು ಸಿಕ್ಕಿದರೆ ಬೇರೆ ಕೊಡಿ ಅಂತ ಕೇಳಿ. ಇಷ್ಟಕ್ಕೆಲ್ಲ ಒಂದು ನಿಮಿಷ ಸಾಕು. ಆಳದಲ್ಲಿ ಬೋರ್ಡ್ ಕಾಲಿನಿಂದ ಬಿಡಿಸಿಕೊಂಡು ಹೋದರೆ ಉಳಿಯುವುದು ನಿಮ್ಮ ಈಸು ಮಾತ್ರ. ಅದಕ್ಕೇ ಬೋರ್ಡ್ ಇಲ್ಲದೆ ಎಷ್ಟು ದೂರ ಈಸಿ ದಂಡೆಗೆ ಬರಬಲ್ಲಿರೋ, ಬೋರ್ಡ್ ಜೊತೆಗೂ ಅಷ್ಟೇ ದೂರ ಹೋಗಿ.

ಈಸು ಬಾರದವರು ಮೊದಲು ಊರಿನಲ್ಲೇ ಈಸು ಕಲಿತು ಬನ್ನಿ. ಕಾಲಿಗೆ ಹಗ್ಗ ಇದೆಯಲ್ಲ ಅಂತ ಹೇಳುವವರ ಮಾತು ಕೇಳಬೇಡಿ.

3. ಹಿಂದಿನ ರಾತ್ರಿ

ನಮ್ಮ ಕಡೆಯವರು ಮಾಡುವ ದೊಡ್ಡ ತಪ್ಪು ಇಲ್ಲಿಯೇ. ಶನಿವಾರ ಕೆಲಸ ಮುಗಿಸಿ ರಾತ್ರಿ ಹೊರಡುವುದು, ಘಾಟಿನ ತಿರುವುಗಳಲ್ಲಿ ನಿದ್ದೆಗೆಟ್ಟು ಗಾಡಿ ಹೊಡೆಯುವುದು, ಬೆಳಿಗ್ಗೆ ನೇರ ನೀರಿಗೆ. ಗೋವಾ ಅಂದ ಮೇಲೆ ಕುಡಿತವೂ ಸೇರಿಕೊಳ್ಳುತ್ತದೆ. ನಿದ್ದೆ ಇಲ್ಲದ ಮೈಗೆ ಅಲೆಯ ಲೆಕ್ಕ ಸಿಗುವುದಿಲ್ಲ, ಬೇಗ ಸುಸ್ತಾಗುತ್ತದೆ, ಕಾಲಿಗೆ ನರ ಹಿಡಿದುಕೊಳ್ಳುತ್ತದೆ. ಕುಡಿದ ದಿನ ಕಡಲು ಬೇಡ. ಹಿಂದಿನ ರಾತ್ರಿಯದು ಬೆಳಿಗ್ಗೆಗೂ ಮೈಯಲ್ಲಿರುತ್ತದೆ ಅನ್ನುವುದು ನೆನಪಿರಲಿ.

ಮಲಗುವ ಮೊದಲು ಅಲೆಯ ಮುನ್ಸೂಚನೆ ನೋಡಿ. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಕಡಲಿನ ಸ್ಥಿತಿ ಹೇಳುವುದೇ ಅದರ ಕೆಲಸ. ದೊಡ್ಡ ಅಲೆಯ ಎಚ್ಚರಿಕೆ ಕೊಡುತ್ತದೆ. ಇನ್ನೊಂದು ಎಚ್ಚರಿಕೆಯ ಹೆಸರು ಕಳ್ಳಕ್ಕಡಲ್. ಮಲಯಾಳದ ಮೀನುಗಾರರ ಮಾತು ಅದು, ಕಳ್ಳನ ಹಾಗೆ ಬರುವ ಕಡಲು ಅಂತ. ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಅಲೆ ಇಲ್ಲಿ ಗಾಳಿಯೇ ಇಲ್ಲದ ದಿನ ದಂಡೆಗೆ ನುಗ್ಗುತ್ತದೆ. ಈ ಎರಡರಲ್ಲಿ ಯಾವುದು ಇದ್ದರೂ ಆ ದಿನ ದೇವಸ್ಥಾನ, ಊಟ ಅಂತ ಕಳೆಯಿರಿ.

ಮುನ್ಸೂಚನೆಯಲ್ಲಿ ಎರಡು ಅಂಕಿ ಇರುತ್ತವೆ. ಒಂದು ಅಲೆಯ ಎತ್ತರ. ಇನ್ನೊಂದು ಸೆಕೆಂಡಿನಲ್ಲಿ ಇರುತ್ತದೆ, ಒಂದು ಅಲೆಗೂ ಮುಂದಿನ ಅಲೆಗೂ ನಡುವಿನ ಹೊತ್ತು. ಎಲ್ಲರೂ ಎತ್ತರ ಮಾತ್ರ ನೋಡುತ್ತಾರೆ. ಆದರೆ ಎತ್ತರ ಒಂದೇ ಆದರೂ 6 ಸೆಕೆಂಡಿನ ಅಲೆಗಿಂತ 12 ಸೆಕೆಂಡಿನ ಅಲೆಯ ಹೊಡೆತ ಬಹಳ ಜೋರು. ಮೊದಲ ದಿನಗಳಿಗೆ ಎತ್ತರ ಎರಡು ಅಡಿ ದಾಟಬಾರದು, ಸೆಕೆಂಡೂ ಕಡಿಮೆ ಇರಬೇಕು.

ಬೆಳಗಿನ ಹೊತ್ತು ಆರಿಸಿಕೊಳ್ಳಿ. ಮಧ್ಯಾಹ್ನ ಆಗುತ್ತಿದ್ದಂತೆ ಕಡಲಿನ ಕಡೆಯಿಂದ ಗಾಳಿ ಎದ್ದು ಅಲೆ ಚದುರಿ ಹೋಗುತ್ತದೆ.

4. ಮರಳಿನ ಮೇಲೆ ಇಪ್ಪತ್ತು ನಿಮಿಷ

ಬೀಚಿಗೆ ಹೋದ ತಕ್ಷಣ ನೀರಿಗೆ ಓಡಬೇಡಿ. ಸ್ವಲ್ಪ ಎತ್ತರದ ಜಾಗ ನೋಡಿ ಕೂತುಕೊಳ್ಳಿ. ಫೋನ್ ಚೀಲದಲ್ಲಿರಲಿ. ಇಪ್ಪತ್ತು ನಿಮಿಷ ಬರೀ ನೀರು ನೋಡಿ.

ಅಲೆಗಳು ಒಂದೇ ಸಮನೆ ಬರುವುದಿಲ್ಲ. ಸಣ್ಣವು ಒಂದಿಷ್ಟು ಬರುತ್ತವೆ, ಆಮೇಲೆ ಮೂರೋ ಐದೋ ದೊಡ್ಡವು ಸಾಲಾಗಿ ಬರುತ್ತವೆ. ಈ ಸಾಲಿಗೆ ಸೆಟ್ ಅನ್ನುತ್ತಾರೆ. ಎರಡು ಸೆಟ್ ನಡುವೆ ಹತ್ತು-ಹದಿನೈದು ನಿಮಿಷವೂ ಆಗಬಹುದು. ಬಂದ ಎರಡು ನಿಮಿಷಕ್ಕೇ ಕಡಲು ಶಾಂತ ಇದೆ ಅಂತ ಇಳಿದವರ ಮೇಲೆ ದೊಡ್ಡ ಸಾಲು ಬಂದು ಬೀಳುವುದು ಹೀಗೆ.

ಬಾವುಟ ನೋಡಿ. ಅರ್ಧ ಕೆಂಪು, ಅರ್ಧ ಹಳದಿ ಬಾವುಟ ಎರಡು ಕಡೆ ನೆಟ್ಟಿದ್ದರೆ ಅವುಗಳ ನಡುವೆ ಈಜುವ ಜಾಗ, ಜೀವರಕ್ಷಕರ ಕಣ್ಣು ಅಲ್ಲಿರುತ್ತದೆ. ಬೋರ್ಡ್ ಹಿಡಿದವರು ಆ ಜಾಗಕ್ಕೆ ನುಗ್ಗಬಾರದು, ಅಲ್ಲಿ ಮಕ್ಕಳಿರುತ್ತಾರೆ. ಬರೀ ಕೆಂಪು ಬಾವುಟ ಅಂದರೆ ಇಳಿಯಬೇಡಿ. ಎರಡು ಕೆಂಪು ಅಂದರೆ ಬೀಚೇ ಬಂದ್. ಜೀವರಕ್ಷಕರ ಹತ್ತಿರ ಹೋಗಿ, "ಅಣ್ಣಾ, ಇವತ್ತು ಸೆಳೆತ ಎಲ್ಲಿದೆ?" ಅಂತ ಕೇಳಿಬಿಡಿ. ಕೇಳಿದವರಿಗೆ ಖುಷಿಯಿಂದ ತೋರಿಸುತ್ತಾರೆ. ನಿಮ್ಮ ಮುಖವೂ ಅವರಿಗೆ ನೆನಪಿರುತ್ತದೆ.

ಕೊನೆಗೆ ದಂಡೆಯಲ್ಲಿ ಒಂದು ಗುರುತು ಹಿಡಿಯಿರಿ. ತೆಂಗಿನ ಮರ, ನೀಲಿ ದೋಣಿ, ಯಾವುದಾದರೂ ಸರಿ. ನೀರಿನಲ್ಲಿ ಐದು ನಿಮಿಷಕ್ಕೊಮ್ಮೆ ತಿರುಗಿ ನೋಡಿ. ಗುರುತು ಪಕ್ಕಕ್ಕೆ ಸರಿದಿದ್ದರೆ ಸರಿದಿದ್ದು ನೀವು. ಹೊರಗೆ ಬಂದು, ದಂಡೆಯ ಮೇಲೆ ನಡೆದು, ಮತ್ತೆ ಮೊದಲಿನ ಜಾಗದಿಂದ ಇಳಿಯಿರಿ.

5. ಸೆಳವು

ಈ ಭಾಗ ಎರಡು ಸಲ ಓದಿ.

ಹೊಳೆಯ ದಂಡೆಯವರಿಗೆ ಸೆಳವು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಕಡಲಿಗೂ ಸೆಳವು ಇದೆ, ರಿಪ್ ಕರೆಂಟ್ ಅನ್ನುತ್ತಾರೆ. ಅದು ಹುಟ್ಟುವ ಬಗೆ ಹೊಲ ಇರುವವರಿಗೆ ಬೇಗ ತಿಳಿಯುತ್ತದೆ. ಎರೆಹೊಲದಲ್ಲಿ ದೊಡ್ಡ ಮಳೆಯಾದಾಗ ಒಡ್ಡಿನ ಹಿಂದೆ ನೀರು ತುಂಬಿಕೊಳ್ಳುತ್ತದೆ, ಅಲ್ವಾ? ಒಡ್ಡು ಎಲ್ಲೋ ಒಂದು ಕಡೆ ಹರಿದರೆ ತುಂಬಿದ ನೀರೆಲ್ಲ ಅಲ್ಲಿಂದಲೇ ನುಗ್ಗುತ್ತದೆ. ಕಡಲಿನಲ್ಲೂ ದಂಡೆಯಿಂದ ಸ್ವಲ್ಪ ದೂರ ನೀರಿನಡಿ ಮರಳಿನ ಒಡ್ಡು ಇರುತ್ತದೆ. ಅಲೆಗಳು ಅದರ ಮೇಲಿಂದ ನೀರು ತಂದು ಈಚೆಗೆ ಸುರಿಯುತ್ತವೆ. ಆ ನೀರು ಹಿಂದೆ ಹೋಗಲೇಬೇಕು. ಒಡ್ಡಿನಲ್ಲಿ ತಗ್ಗು ಇರುವ ಕಡೆಯಿಂದ ಹೋಗುತ್ತದೆ. ಅದೇ ಸೆಳವು.

ಗುರುತಿಸುವುದು ಹೇಗೆ? ಎರಡು ಕಡೆ ಅಲೆ ಬಿಳಿಯಾಗಿ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಕಪ್ಪಗೆ, ಸಪಾಟಾಗಿ ಕಾಣುತ್ತದೆ. ಕೆಲವು ಸಲ ಮರಳು ಕಲಸಿ ಕೆಂಪಗಾದ ನೀರು ಆ ಪಟ್ಟಿಯಲ್ಲಿ ಕಡಲಿನ ಒಳಕ್ಕೆ ಹೋಗುತ್ತಿರುತ್ತದೆ. ನೊರೆಯ ತುಣುಕು, ಎಲೆ, ತೆಂಗಿನ ಸಿಪ್ಪೆ ಏನಾದರೂ ತೇಲುತ್ತಿದ್ದರೆ ಅದನ್ನೇ ನೋಡುತ್ತಿರಿ. ಉಳಿದ ಕಡೆ ಬಿದ್ದ ಸಿಪ್ಪೆ ಮುಂದೆ ಬಂದು ಹಿಂದೆ ಹೋಗಿ ಕೊನೆಗೆ ಮರಳಿಗೆ ಹತ್ತುತ್ತದೆ. ಸೆಳವಿಗೆ ಸಿಕ್ಕ ಸಿಪ್ಪೆ ತಿರುಗಿ ಬರುವುದೇ ಇಲ್ಲ, ನೇರ ಒಳಗೆ ಹೋಗುತ್ತದೆ. ಕಂಗೆಡಿಸುವ ವಿಷಯ ಅಂದರೆ, ಗೊತ್ತಿಲ್ಲದವರ ಕಣ್ಣಿಗೆ ಇಡೀ ಬೀಚಿನಲ್ಲಿ ಅದೇ ಶಾಂತ ಜಾಗ. ಮಕ್ಕಳನ್ನು ಕೈಹಿಡಿದು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ.

ಜೋರಾದ ಸೆಳವು ಸೆಕೆಂಡಿಗೆ ಎರಡೂವರೆ ಮೀಟರ್ ವರೆಗೂ ಹೋಗಬಲ್ಲದು. ಒಲಿಂಪಿಕ್ಸ್ ಈಜುಗಾರರಿಗೂ ಅದಕ್ಕೆ ಎದುರು ಈಜಲು ಆಗುವುದಿಲ್ಲ. ಎದುರು ಈಜಿ ಸುಸ್ತಾಗುವುದೇ ಸಾವಿಗೆ ಕಾರಣ. ಸೆಳವು ಯಾರನ್ನೂ ಅಡಿಗೆ ಎಳೆಯುವುದಿಲ್ಲ, ದಂಡೆಯಿಂದ ದೂರ ಒಯ್ಯುತ್ತದೆ ಅಷ್ಟೇ. ಹೊಳೆಯ ಸುಳಿಯನ್ನು ನೆನೆದು ಕೈಕಾಲು ಬಿಡಬೇಡಿ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಕೃಷ್ಣೆಯ ಸೆಳವಿಗೆ ಸಿಕ್ಕರೆ ಅದು ಮುಂದೆ ಮುಂದೆ ಹರಿಯುತ್ತಲೇ ಇರುತ್ತದೆ. ಕಡಲಿನ ಸೆಳವು ಅಲೆ ಒಡೆಯುವ ಸಾಲು ದಾಟಿದ ಮೇಲೆ ಹರಡಿಕೊಂಡು ಸತ್ತುಹೋಗುತ್ತದೆ.

ಸಿಕ್ಕಿಕೊಂಡರೆ ಹೀಗೆ ಮಾಡಿ. ಬೋರ್ಡ್ ಬಿಡಬೇಡಿ. ಅದರ ಮೇಲೆ ಬೋರಲು ಮಲಗಿ ಎರಡು ಅಂಚೂ ಹಿಡಿದುಕೊಂಡು ಹತ್ತು ಸಲ ಉಸಿರಾಡಿ. ಒಂದು ಕೈ ಎತ್ತಿ ಅತ್ತಿಂದಿತ್ತ ಬೀಸಿ, ಕೂಗಿ. ದಂಡೆಯ ಕಡೆ ಮುಖ ಮಾಡಿ ಗುದ್ದಾಡಬೇಡಿ. ದಂಡೆಗೆ ಸಮಾನಾಂತರವಾಗಿ, ಅಂದರೆ ದಂಡೆ ನಿಮ್ಮ ಪಕ್ಕಕ್ಕೆ ಇರುವ ಹಾಗೆ, ಬಿಳಿ ಅಲೆ ಒಡೆಯುತ್ತಿರುವ ಕಡೆಗೆ ಕೈಹಾಕುತ್ತ ಹೋಗಿ. ಬಿಳಿ ನೊರೆ ಇರುವ ಕಡೆ ಅಡಿಯಲ್ಲಿ ಮರಳಿನ ಒಡ್ಡು ಇದೆ, ಅಲೆಯೇ ನಿಮ್ಮನ್ನು ದಂಡೆಗೆ ದೂಡುತ್ತದೆ. ಸೆಳವು ಬಹಳ ಜೋರಿದ್ದು ಪಕ್ಕಕ್ಕೂ ಹೋಗಲು ಆಗದಿದ್ದರೆ ಸುಮ್ನೆ ತೇಲಿ. ಅದು ಬಿಟ್ಟ ಮೇಲೆ ಪಕ್ಕಕ್ಕೆ ಹೋಗಿ.

ನಮ್ಮ ಹಿರಿಯರು ಹೊಳೆ ದಾಟುವಾಗ ಎದುರು ಈಸದೆ ಓರೆಯಾಗಿ ಹೋಗಿ ಎಲ್ಲೋ ಕೆಳಗೆ ದಂಡೆ ಹತ್ತುತ್ತಿದ್ದರು. ಅದೇ ಬುದ್ಧಿ ಇಲ್ಲಿಯೂ ಬೇಕು.

6. ಬೋರ್ಡ್ ಹಿಡಿಯುವುದು, ಬೀಳುವುದು

ಮೊದಲ ದಿನಗಳಲ್ಲಿ ಸೊಂಟದ ಮಟ್ಟದ ನೀರು ಸಾಕು. ಅಲೆ ಒಡೆದ ಮೇಲೆ ಬರುವ ನೊರೆ ನೀರಿನಲ್ಲೇ ಕಲಿಯುವುದು.

ಬೋರ್ಡನ್ನು ಯಾವತ್ತೂ ನಿಮಗೂ ಅಲೆಗೂ ನಡುವೆ ಇಟ್ಟುಕೊಳ್ಳಬೇಡಿ. ಅಲೆ ಬಂದು ಬೋರ್ಡಿಗೆ ಗುದ್ದುತ್ತದೆ, ಬೋರ್ಡ್ ನಿಮ್ಮ ಹಲ್ಲಿಗೆ ಗುದ್ದುತ್ತದೆ. ಬೋರ್ಡ್ ನಿಮ್ಮ ಪಕ್ಕದಲ್ಲಿರಲಿ, ಮೂತಿ ಅಲೆಯ ಕಡೆ ನೇರ ಇರಲಿ. ಅಡ್ಡ ಹಿಡಿದರೆ ಅಲೆ ಕಿತ್ತುಕೊಂಡು ಹೋಗುತ್ತದೆ. ಲೀಶನ್ನು ಕೈಗೆ, ಬೆರಳಿಗೆ ಸುತ್ತಿಕೊಳ್ಳಬೇಡಿ. ಅಲೆ ಎಳೆದಾಗ ಬೆರಳು ಮುರಿಯುತ್ತದೆ.

ದೊಡ್ಡ ನೊರೆ ಎದುರಿಗೆ ಬಂದರೆ ಬೋರ್ಡ್ ಬಿಸಾಕಿ ಕೆಳಗೆ ಮುಳುಗುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ತಪ್ಪು. ಲೀಶಿನ ಉದ್ದ, ಬೋರ್ಡಿನ ಉದ್ದ ಸೇರಿದರೆ ನಿಮ್ಮ ಹಿಂದೆ ಹದಿನಾರು-ಹದಿನೆಂಟು ಅಡಿ ತನಕ ಯಾರೇ ಇದ್ದರೂ ಅವರ ತಲೆಗೆ ಪೆಟ್ಟು. ಬದಲಿಗೆ ಆಮೆಯ ಹಾಗೆ ಮಗುಚಬೇಕು. ಇದಕ್ಕೆ ಟರ್ಟಲ್ ರೋಲ್ ಅನ್ನುತ್ತಾರೆ. ಎರಡೂ ಅಂಚು ಗಟ್ಟಿ ಹಿಡಿದು, ಬೋರ್ಡ್ ಸಮೇತ ತಿರುಗಿ ನೀವು ಅಡಿಗೆ, ಬೋರ್ಡ್ ಮೇಲೆ. ನೊರೆ ಮೇಲಿನಿಂದ ಹೋದ ಮೇಲೆ ಮತ್ತೆ ತಿರುಗಿ. ಇದನ್ನು ಕಲಿಸುವವರ ಎದುರು ಹತ್ತು ಸಲ ಮಾಡಿ ನೋಡಿ.

ಬೀಳುವುದನ್ನೂ ಕಲಿಯಬೇಕು. ಬಾವಿಗೆ ತಲೆ ಕೆಳಗಾಗಿ ಹಾರಿ ರೂಢಿ ಇರುವವರು ಇಲ್ಲಿ ಮರೆತೂ ಹಾಗೆ ಹಾರಬೇಡಿ. ಅಡಿಯಲ್ಲಿ ಎರಡು ಅಡಿಗೇ ಮರಳಿರಬಹುದು, ಕುತ್ತಿಗೆ ಹೋಗುತ್ತದೆ. ಬೋರ್ಡಿನ ಪಕ್ಕಕ್ಕೋ ಹಿಂದಕ್ಕೋ, ಮೈ ಚಪ್ಪಟೆ ಮಾಡಿ ಬೀಳಿ. ಕಾಲು ನೆಟ್ಟಗೆ ಚಾಚಿ ಜಿಗಿದರೂ ಮೊಣಕಾಲಿಗೆ ಕಷ್ಟ. ನೀರಿನೊಳಗೆ ಎರಡೂ ತೋಳಿನಿಂದ ತಲೆ ಮುಚ್ಚಿಕೊಳ್ಳಿ. ಮೇಲೆ ಬರುವಾಗಲೂ ತೋಳು ತಲೆಯ ಮೇಲೇ ಇರಲಿ. ಲೀಶ್ ರಬ್ಬರಿನ ಹಾಗೆ ಹಿಗ್ಗಿ ಬೋರ್ಡನ್ನು ನಿಮ್ಮ ಕಡೆಗೇ ಎಸೆಯುತ್ತದೆ. ಸರ್ಫಿಂಗ್‌ನಲ್ಲಿ ಆಗುವ ಗಾಯಗಳಲ್ಲಿ ಬಹಳಷ್ಟು ಸ್ವಂತ ಬೋರ್ಡಿನಿಂದಲೇ.

7. ಅಲೆ ಯಾರದು?

ನೊರೆ ನೀರು ದಾಟಿ ಒಳಗೆ ಹೋಗುವ ದಿನ ಬಂದಾಗ ಈ ನಿಯಮ ಬೇಕು. ಇವು ಬರೀ ಶಿಷ್ಟಾಚಾರ ಅಂತ ತಿಳಿಯಬೇಡಿ. ಇಬ್ಬರು ಒಂದೇ ಅಲೆಯಲ್ಲಿ ಗುದ್ದಿಕೊಳ್ಳದ ಹಾಗೆ ಮಾಡಿಕೊಂಡ ರಸ್ತೆ ನಿಯಮ.

ಅಲೆಗಾಗಿ ಬೋರ್ಡ್ ಮೇಲೆ ಕೂತು ಎಲ್ಲರೂ ಕಾಯುವ ಜಾಗಕ್ಕೆ ಲೈನಪ್ ಅನ್ನುತ್ತಾರೆ. ಅಲೆ ಎಲ್ಲಿ ಮೊದಲು ಎತ್ತರವಾಗಿ ಒಡೆಯಲು ಶುರುವಾಗುತ್ತದೋ ಅದು ಪೀಕ್. ಒಂದು ಅಲೆಗೆ ಒಬ್ಬರು. ಪೀಕಿಗೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ಅವರು ಎದ್ದು ನಿಂತು ಬರುತ್ತಿರುವಾಗ ಮುಂದಿನಿಂದ ನೀವೂ ಅದೇ ಅಲೆಗೆ ಇಳಿದರೆ ಅದು ಡ್ರಾಪ್ ಇನ್. ಸರ್ಫಿಂಗ್ ಮಾಡುವವರು ಇದನ್ನು ಸುಲಭಕ್ಕೆ ಕ್ಷಮಿಸುವುದಿಲ್ಲ, ಯಾಕೆಂದರೆ ಅವರಿಗೆ ತಿರುಗಲು ಜಾಗವೇ ಇರುವುದಿಲ್ಲ. ಅಲೆಗೆ ಕೈಹಾಕುವ ಮೊದಲು ಎಡಕ್ಕೆ ನೋಡಿ, ಬಲಕ್ಕೆ ನೋಡಿ. ಯಾರಾದರೂ ಬರುತ್ತಿದ್ದರೆ ಬೋರ್ಡ್ ಹಿಂದಕ್ಕೆ ಎಳೆದುಕೊಂಡು ನಿಲ್ಲಿ. ಎಡ-ಬಲ ಅನ್ನುವುದು ಯಾವಾಗಲೂ ಅಲೆ ಹಿಡಿದು ದಂಡೆಯ ಕಡೆ ಮುಖ ಮಾಡಿದವರ ಎಡ-ಬಲ. ದಂಡೆಯಿಂದ ನೋಡುವವರಿಗೆ ಅದು ಉಲ್ಟಾ.

ಇನ್ನೊಂದು ತಪ್ಪಿಗೆ ಸ್ನೇಕಿಂಗ್ ಅನ್ನುತ್ತಾರೆ. ಕಾಯುತ್ತಿದ್ದವರನ್ನು ಬಳಸಿಕೊಂಡು ಹೋಗಿ ಪೀಕಿನ ಹತ್ತಿರ ಕೂರುವುದು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಇದು. ಸರದಿಗೆ ಕಾಯಿರಿ. ಈಗಷ್ಟೇ ಅಲೆ ಹಿಡಿದು ಬಂದವರು ಸಾಲಿನ ಕೊನೆಗೆ ಹೋಗಬೇಕು.

ಒಳಗೆ ಹೋಗುವಾಗ ಅಲೆ ಒಡೆಯುವ ಜಾಗದ ನಡುವಿನಿಂದ ಹೋಗಬೇಡಿ. ಪಕ್ಕದಿಂದ ಬಳಸಿಕೊಂಡು ಹೋಗಿ. ಹಾಗೂ ಯಾರಾದರೂ ಅಲೆ ಹಿಡಿದು ನಿಮ್ಮ ಕಡೆಗೇ ಬಂದರೆ ಅವರ ಮುಂದೆ ದಾಟಿ ತಪ್ಪಿಸಿಕೊಳ್ಳಲು ನೋಡಬೇಡಿ. ಅವರ ಹಿಂದೆ, ನೊರೆ ಇರುವ ಕಡೆಗೆ ಹೋಗಿ. ನಿಮಗೆ ನೊರೆಯ ಏಟು ಬೀಳುತ್ತದೆ, ಬೀಳಲಿ. ಅವರಿಗೆ ದಾರಿ ಸಿಗುತ್ತದೆ. ಇದು ಮನಸ್ಸಿಗೆ ಒಗ್ಗಲು ಹೊತ್ತು ಹಿಡಿಯುತ್ತದೆ.

ತಪ್ಪಾದರೆ ಕೈ ಎತ್ತಿ ಸಾರಿ ಅನ್ನಿ, ಪೆಟ್ಟಾಗಿದೆಯಾ ಅಂತ ಕೇಳಿ. ಗುಂಪಾಗಿ ಹೋದವರು ಎಂಟು-ಹತ್ತು ಜನ ಒಂದೇ ಪೀಕಿಗೆ ಮುತ್ತಿಕೊಳ್ಳಬೇಡಿ. ಇಬ್ಬಿಬ್ಬರಾಗಿ ಹಂಚಿಕೊಳ್ಳಿ, ಒಬ್ಬರ ಮೇಲೆ ಒಬ್ಬರು ಕಣ್ಣಿಡಿ.

8. ಅಲ್ಲಿಯ ಜನ, ಅಲ್ಲಿಯ ಜೀವ

ಆ ದಂಡೆ ಮೀನುಗಾರರ ಹೊಲ ಇದ್ದಂತೆ. ರಂಪಣಿ ಬಲೆ ಎಳೆಯುವುದನ್ನು ನೀವು ನೋಡಿರಬಹುದು. ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಹಾಕಿ ಬಂದು ದಂಡೆಯಿಂದ ಹತ್ತಾರು ಜನ ಎರಡು ತುದಿ ಹಿಡಿದು ಎಳೆಯುತ್ತಾರೆ. ಆ ಹಗ್ಗದ ಒಳಗೆ ಬೋರ್ಡ್ ತರಬೇಡಿ. ಫಿನ್ನಿಗೆ ಬಲೆ ಸಿಕ್ಕರೆ ಅವರ ಅವತ್ತಿನ ದುಡಿಮೆ ಹೋಗುತ್ತದೆ, ನಿಮ್ಮ ಕಾಲೂ ಸಿಕ್ಕಿಕೊಳ್ಳುತ್ತದೆ. ದೋಣಿ ದಂಡೆಗೆ ಬರುವ ದಾರಿಯಲ್ಲಿ ಕೂರಬೇಡಿ.

ಮರಳಿನಡಿ ತೊರಕೆ ಮೀನು ಹುದುಗಿ ಕೂತಿರುತ್ತದೆ. ಅದರ ಬಾಲದಲ್ಲಿ ವಿಷದ ಮುಳ್ಳು. ನೀರಿನಲ್ಲಿ ಕಾಲೆತ್ತಿ ಇಡದೆ ಎಳೆಯುತ್ತ ನಡೆದರೆ ಅದು ತಾನಾಗಿ ಸರಿದುಹೋಗುತ್ತದೆ. ಜೆಲ್ಲಿ ಮೀನು ತಾಗಿದರೆ ಉರಿ ಏಳುತ್ತದೆ. ಉಜ್ಜಬೇಡಿ, ಸಿಹಿ ನೀರು ಹಾಕಬೇಡಿ. ಕಡಲ ನೀರಿನಲ್ಲೇ ತೊಳೆದು ಜೀವರಕ್ಷಕರಿಗೆ ತೋರಿಸಿ. ಉಸಿರು ಕಟ್ಟಿದ ಹಾಗಾದರೆ ನೇರ ಆಸ್ಪತ್ರೆ. ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ನೀರಿನಿಂದ ಹೊರಗೆ.

9. ಬೇರೆಯವರು ಮುಳುಗುತ್ತಿದ್ದರೆ

ಹಿಂದೆಮುಂದೆ ನೋಡದೆ ಹಾರಬೇಡಿ. ಕಾಪಾಡಲು ಹೋದವರೇ ಮುಳುಗುವುದು ನಮ್ಮ ಕೆರೆ-ಕಾಲುವೆಗಳಲ್ಲೂ ಆಗುತ್ತಲೇ ಇದೆ. ಜೀವರಕ್ಷಕರನ್ನು ಕೂಗಿ. ತೇಲುವಂಥದ್ದು ಏನಾದರೂ ಎಸೆಯಿರಿ, ಖಾಲಿ ನೀರಿನ ಕ್ಯಾನ್ ಆದರೂ ಸರಿ. 112 ಕ್ಕೆ ಫೋನ್ ಮಾಡಿ, ಆಂಬುಲೆನ್ಸ್‌ಗೆ 108. ದೂರ ಕೊಚ್ಚಿಹೋಗಿದ್ದರೆ ಕರಾವಳಿ ಕಾವಲು ಪಡೆಯ ನಂಬರ್ 1554. ನೀವು ಬೋರ್ಡ್ ಮೇಲೆ ಹತ್ತಿರವೇ ಇದ್ದರೆ ಬೋರ್ಡನ್ನು ನಿಮಗೂ ಅವರಿಗೂ ನಡುವೆ ಇಟ್ಟು ಅವರಿಗೆ ಹಿಡಿಯಲು ಕೊಡಿ. ಮುಳುಗುವ ಗಾಬರಿಯಲ್ಲಿ ಅವರು ನಿಮ್ಮ ಕುತ್ತಿಗೆಯನ್ನೇ ಹಿಡಿಯುತ್ತಾರೆ.

ದಂಡೆಗೆ ತಂದ ಮೇಲೆ ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹೊತ್ತೂ ಹಾಳು. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಊದಿ. ಆಮೇಲೆ ಎದೆಯ ನಡುವೆ ಎರಡು ಅಂಗೈ ಇಟ್ಟು 30 ಸಲ ಒತ್ತಿ, 2 ಸಲ ಊದಿ. ನಿಮಿಷಕ್ಕೆ 100 ರಿಂದ 120 ರ ವೇಗ, ಐದಾರು ಸೆಂಟಿಮೀಟರ್ ಆಳ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಲಿ.

ನೀರು ಕುಡಿದು ಬದುಕಿ ಬಂದವರು ಎದ್ದು ಕೂತು ನಗುತ್ತಿದ್ದರೂ ಆಸ್ಪತ್ರೆಗೆ ತೋರಿಸಿ. ಕೆಲವು ತಾಸಿನ ಮೇಲೆ ಕೆಮ್ಮು ಜಾಸ್ತಿಯಾಗುವುದು, ಏದುಸಿರು, ತುಟಿ ನೀಲಿಯಾಗುವುದು, ಅತಿಯಾದ ಮಂಪರು ಬರಬಹುದು. ಆ ಹೊತ್ತಿಗೆ ನೀವು ಊರಿನ ದಾರಿ ಹಿಡಿದಿರುತ್ತೀರಿ. ಚೋರ್ಲಾ ಹತ್ತಿದ ಮೇಲೆ ಕಣಕುಂಬಿ, ಜಾಂಬೋಟಿ ದಾಟಿ ಬೆಳಗಾವಿ ಮುಟ್ಟುವ ತನಕ ಬಹುಪಾಲು ಕಾಡೇ, ಫೋನಿಗೆ ಸಿಗ್ನಲ್ ಸಿಗದ ತಿರುವುಗಳೂ ಇವೆ. ಹಾಗಾಗಿ ಹಿಂದಿನ ಸೀಟಿನಲ್ಲಿ ಯಾರಾದರೂ ಬಿಡದೆ ಕೆಮ್ಮುತ್ತಿದ್ದರೆ ಘಾಟ್ ಹತ್ತಬೇಡಿ. ಕೆಳಗೇ ಗಾಡಿ ನಿಲ್ಲಿಸಿ, ಹತ್ತಿರದ ಆಸ್ಪತ್ರೆ ಎಲ್ಲಿದೆ ಅಂತ ಕೇಳಿ, ಅಲ್ಲಿಗೆ ತಿರುಗಿಸಿ.